ಎರಡು ಮಾರು ತಂತಿ

ಸ್ಟೀವನ್ ಬೀಸಿದ ಏಟು ಸೀದಾ ಲೂಯಿಸನ ಬಾಯಿಗೆ ಬಿತ್ತು. ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಉರುಳಿಸಿಕೊಂಡು ಅವನು ಮಾವಿನ ಮರದ ಬುಡದಲ್ಲಿ ಬಿದ್ದ. ತುಟಿ ಒಡೆದು ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಗೇಟಿನ ಹತ್ತಿರ ತುತ್ತೂರಿ ಒರೆಸುತ್ತಿದ್ದ ಬ್ಯಾಂಡಿನವರು ಕೈ ನಿಲ್ಲಿಸಿ ನೋಡಿದರು. ಹತ್ತೊಂಬತ್ತು ವರ್ಷದ ಮೇಲೆ ಕಡಲ ಬದಿಯ ಹೂಡೆ ಊರಿನಲ್ಲಿ ಅಣ್ಣನ ಮನೆಗೆ ಕಾಲಿಟ್ಟವನಿಗೆ ಸಿಕ್ಕಿದ ಸ್ವಾಗತ ಇಷ್ಟು. ಅಣ್ಣ ಪಾಸ್ಕಲ್ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ.

“ಏಳಿ ಬಾಪ್ಪು, ಏಳಿ!” ಸ್ಟೀವನ್ ಕಿರುಚಿದ. ಪಾಸ್ಕಲನ ಒಬ್ಬನೇ ಮಗ, ಇಪ್ಪತ್ತನಾಲ್ಕರ ಹುಡುಗ, ಮಣಿಪಾಲದಲ್ಲಿ ವಯರಿಂಗ್ ಕೆಲಸ. ಚಿಕ್ಕಪ್ಪನೆಂಬ ಮರ್ಯಾದೆ ಅವನಲ್ಲಿ ಬಹುವಚನದ ಮಟ್ಟಿಗೆ ಮಾತ್ರ ಉಳಿದಿತ್ತು. “ಪಪ್ಪ ನಿಮ್ಮ ಬೆರಳು ಕಡಿದರು. ತಪ್ಪು, ನನಗೂ ಗೊತ್ತುಂಟು. ಅದಕ್ಕೆ ಹತ್ತೊಂಬತ್ತು ವರ್ಷ ಸಾಲಲಿಲ್ವಾ? ಈ ಊರಿನಲ್ಲಿ ಒಬ್ಬನಾದರೂ ಅವರ ದೋಣಿ ಹತ್ತಿದನಾ? ಈಗ ಎಂತಕ್ಕೆ ಬಂದದ್ದು? ಸತ್ತದ್ದು ಹೌದಾ ಅಂತ ನೋಡ್ಲಿಕ್ಕಾ?”

ಮತ್ತೆ ಕೈ ಎತ್ತುವಷ್ಟರಲ್ಲಿ ನೆರೆಮನೆಯ ಓಸ್ವಾಲ್ಡ್ ಅವನ ಸೊಂಟಕ್ಕೆ ಕೈ ಹಾಕಿ ಎಳೆದ. ಓಸ್ವಾಲ್ಡ್ ಎರಡು ಬೋಟುಗಳ ಯಜಮಾನ, ಊರಿನ ಹಿರಿಯ. “ಬಿಡು ಮಾರಾಯ, ಹೆಣ ಇನ್ನೂ ಮನೆಯಲ್ಲಿ ಉಂಟು. ಪಾಪ, ಅವನಾದರೂ ದೊಡ್ಡ ಮನಸ್ಸು ಮಾಡಿ ಬಂದಿದ್ದಾನೆ.”

ಲೂಯಿಸ್ ಎಡಗೈ ಊರಿಕೊಂಡು ಎದ್ದ. ಬೀಳುವಾಗಲೂ ಅವನ ಬಲಗೈ ಪ್ಯಾಂಟಿನ ಕಿಸೆಯಿಂದ ಹೊರಗೆ ಬಂದಿರಲಿಲ್ಲ. ಕಾರ್ಕಳದ ಆಚೆ ಕುಕ್ಕುಂದೂರಿನಲ್ಲಿ, ಗೇರುಬೀಜ ಕಾರ್ಖಾನೆಯ ಗೇಟು ಕಾಯುವ ಕೆಲಸದಲ್ಲಿ, ಸಮುದ್ರದ ಸದ್ದು ಕೇಳದ ಜಾಗದಲ್ಲಿ ಇಷ್ಟು ವರ್ಷ ಕಳೆದಿದ್ದ. ನಿನ್ನೆ ಫೋನು ಬಂದಾಗಿನಿಂದ ಒಂದೇ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮಣ್ಣು ಬೀಳುವ ಮೊದಲು ಅದನ್ನು ಹೇಳಬೇಕು ಎಂದುಕೊಂಡೇ ಅವನು ಬಸ್ಸು ಹತ್ತಿದ್ದ. ಈಗ ಬಾಯಿ ತೆರೆದರೆ ಬರೇ ರಕ್ತ.

ಜಗಲಿಯ ಮೇಲೆ ಮಾನಪ್ಪ ಕೂತಿದ್ದ. ಗದಗದ ಕಡೆಯವನು, ಹೊಳೆ ಸಮುದ್ರ ಸೇರುವ ಅಳಿವೆಯ ತಡೆಗೋಡೆಗೆ ಕಲ್ಲು ಹೊಂದಿಸುವ ಕೆಲಸದವನು. ಪಾಸ್ಕಲನನ್ನು ನೀರಿನಿಂದ ಎಳೆದವನು ಅವನೇ. ಬಂದವರಿಗೆಲ್ಲ ಹೇಳಿ ಹೇಳಿ ಅವನ ಸ್ವರ ಕೂತಿತ್ತು.

“ಕಣ್ಣಾರೆ ನೋಡೇನ್ರೀ. ನಿನ್ನಿ ಮುಂಜಾನೆ ಏಳರ ಸುಮಾರು. ಅಳಿವಿ ಬಾಯಾಗ ತೆರಿ ಗ್ವಾಡಿ ಹಂಗ ಎದ್ದಿದ್ವು. ಅವರು ಹಿಂದ ಇಂಜಿನ್ ಹಿಡಕೊಂಡು ಒಬ್ಬರ ಕುಂತಿದ್ರು. ಒಂದು ತೆರಿ ದಾಟಿದ್ರು, ಎರಡನೇದು ಅಡ್ಡ ಬಂತು. ಅವರಿಗೆ ಕಾಣಲೇ ಇಲ್ಲ. ದೋಣಿ ಮಗಚಿ ಅವರನ್ನ ಕಲ್ಲಿಗೆ ಬಡೀತು. ಒಮ್ಮೆ ಅಲ್ರೀ, ನಾಕು ಸಲ ಬಡೀತು. ನಾವು ಹಗ್ಗ ಒಗ್ಯೂದ್ರಾಗ ಮಾರಿ ಅನ್ನೂದು ಉಳದಿರಲಿಲ್ಲ.”

ಪೆಟ್ಟಿಗೆಯ ಮುಚ್ಚಳ ಹಾಕಿಯೇ ಇಟ್ಟಿದ್ದು ಅದಕ್ಕೆ.

“ಅಳಿವೆ ದಾಟ್ಲಿಕ್ಕೆ ಎರಡು ಜನ ಬೇಕೇ ಬೇಕು,” ಓಸ್ವಾಲ್ಡ್ ಹೇಳಿದ. “ಒಬ್ಬ ಇಂಜಿನ್‌ಗೆ, ಒಬ್ಬ ಮುಂದೆ ನಿಂತು ತೆರೆ ನೋಡ್ಲಿಕ್ಕೆ. ಪಾಸ್ಕಲನ ಮುಂದೆ ಯಾರು ನಿಲ್ತಾರೆ? ಸಿಟ್ಟು ಬಂದರೆ ಸ್ವಂತ ತಮ್ಮನ ಬೆರಳೇ ಕಡಿದವ. ಅಲ್ವಾ ಲೂಯಿಸ್?”

ಲೂಯಿಸ್ ಬಾಯಿಯೊಳಗಿನ ರಕ್ತ ನುಂಗಿದ.

“ಮುಂದಿನ ಹಲಗಿ ಮ್ಯಾಲ ಏನೂ ಇಡ್ತಿರಲಿಲ್ರೀ ಅವರು,” ಮಾನಪ್ಪ ತನ್ನಷ್ಟಕ್ಕೆ ಹೇಳುತ್ತಿದ್ದ. “ಬಲಿ, ಡಬ್ಬಿ, ಮೀನು, ಎಲ್ಲಾ ಕಾಲಾಗ. ಹಲಗಿ ಮಾತ್ರ ಖಾಲಿ. ಯಾಕ್ರೀ ಅಂತ ಒಮ್ಮೆ ಕೇಳಿದ್ದೆ. ಅದು ಕೂರುವವರ ಜಾಗ ಅಂದ್ರು.”

*

ಆ ಹಲಗೆಯ ಮೇಲೆ ಕೂರುತ್ತಿದ್ದವನು ಲೂಯಿಸ್. ಆಗ ಅವನಿಗೆ ಮೂವತ್ತು. ವೆಲ್ಡರ್ ಕೆಲಸಕ್ಕೆ ಕುವೈಟಿನ ವೀಸಾ ಕೈಗೆ ಬಂದಿತ್ತು, ಹೋಗಲು ಇಪ್ಪತ್ತು ದಿನ ಇತ್ತು. ಅಷ್ಟರೊಳಗೆ ಒಂದು ದೊಡ್ಡ ಅಂಜಲ್ ಮೀನು ಹಿಡಿದು ತೋರಿಸಬೇಕೆಂಬ ಹುಚ್ಚು. ಹಿಂದಿನ ವಾರ ಮೂರು ಮೀನು ನೈಲಾನ್ ದಾರ ಕಚ್ಚಿ ತುಂಡರಿಸಿಕೊಂಡು ಹೋಗಿದ್ದವು.

“ಹೋದರೆ ಹೋಗಲಿ,” ಎಂದಿದ್ದ ಪಾಸ್ಕಲ್. “ಗಾಳಕ್ಕೆ ತಂತಿ ಕಟ್ಟಬೇಡ. ನೈಲಾನ್ ಆದರೆ ಕತ್ತಿಯ ಮಾತು ಕೇಳ್ತದೆ. ತಂತಿ ಯಾರ ಮಾತೂ ಕೇಳುವುದಿಲ್ಲ.”

ಲೂಯಿಸ್ ಮಲ್ಪೆಯಿಂದ ಎರಡು ಮಾರು ಉಕ್ಕಿನ ತಂತಿ ತಂದ. ಅಣ್ಣ ಬೆನ್ನು ತಿರುಗಿಸಿ ಇಂಜಿನ್ ಎಳೆಯುವಾಗ ಗಾಳದ ತುದಿಗೆ ಅದನ್ನೇ ಬಿಗಿದ. ಅಷ್ಟು ದೊಡ್ಡ ಜಾಣ!

ಕಾಪುವಿನ ದೀಪಸ್ತಂಭ ಬೆರಳಷ್ಟಾಗಿ ಕಾಣುವ ದೂರದಲ್ಲಿ ಗಾಳಕ್ಕೆ ಕಚ್ಚಿದ್ದು ಅಂಜಲ್ ಅಲ್ಲ, ತೊರಕೆ. ಬಾಗಿಲಿನಷ್ಟು ಅಗಲದ ಚಪ್ಪಟೆ ಮೀನು, ಚಾಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಒಂದು ಗಂಟೆ ಎಳೆದು ಎಳೆದು ದೋಣಿಯ ಪಕ್ಕಕ್ಕೆ ತಂದರು. ಪಾಸ್ಕಲ್ ದೊಣ್ಣೆಯಿಂದ ಅದರ ತಲೆಗೆ ಬಾರಿಸಿದ, ಕೊಕ್ಕೆಯಿಂದ ರೆಕ್ಕೆ ಹರಿದ. ನೀರೆಲ್ಲ ಕೆಂಪು. ಬಾಲ ಹಲಗೆಗೆ ಫಟೀರ್ ಫಟೀರ್ ಎಂದು ಹೊಡೆಯಿತು. ನೈಲಾನ್ ಮುಗಿದು ತಂತಿ ಕೈಗೆ ಬಂದಾಗ ಲೂಯಿಸ್ ಅದನ್ನು ಬಲಗೈಯ ಬೆರಳುಗಳಿಗೆ ಎರಡು ಸುತ್ತು ಸುತ್ತಿದ.

ತೊರಕೆ ಮಗುಚಿ ತಳಕ್ಕೆ ಧುಮುಕಿತು.

ತಂತಿ ಮಾಂಸದೊಳಗೆ ಇಳಿಯಿತು. ಲೂಯಿಸ್ ಸೊಂಟದವರೆಗೆ ದೋಣಿಯಾಚೆಗೆ ಎಳೆಯಲ್ಪಟ್ಟ. ದೋಣಿ ವಾಲಿ ಅಂಚಿನಿಂದ ಸಮುದ್ರ ಒಳಗೆ ಸುರಿಯತೊಡಗಿತು. ಪಾಸ್ಕಲ್ ಕತ್ತಿ ಎತ್ತಿ, ಕೈಗೂ ಮೀನಿಗೂ ನಡುವೆ ಬಿಗಿದು ನಿಂತಿದ್ದ ದಾರಕ್ಕೆ ಹೊಡೆದ. ಠಣ್ ಎಂದಿತು. ಅವನು ಒಂದು ಕ್ಷಣ ತಮ್ಮನ ಮುಖ ನೋಡಿದ.

“ತಂತಿಯಾ?”

ಇನ್ನೊಮ್ಮೆ ಹೊಡೆದ, ಇದ್ದ ಶಕ್ತಿಯೆಲ್ಲ ಹಾಕಿ. ಮತ್ತೆ ಠಣ್. ದೋಣಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಪಾಸ್ಕಲ್ ತಮ್ಮನ ಮಣಿಕಟ್ಟನ್ನು ಎಳೆದು ಅಂಚಿನ ಹಲಗೆಯ ಮೇಲಿಟ್ಟು ಮೊಣಕಾಲಿನಿಂದ ಅದುಮಿದ.

“ಕಣ್ಣು ಮುಚ್ಚು,” ಎಂದ.

ಮೂರನೆಯ ಏಟಿಗೆ ಸದ್ದೇ ಬರಲಿಲ್ಲ. ತಂತಿಯನ್ನೂ ಮೂರು ಬೆರಳುಗಳನ್ನೂ ಕಟ್ಟಿಕೊಂಡು ತೊರಕೆ ಹೋಯಿತು.

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಪ್ರೆಸಿಲ್ಲಾ ಒಳಕೋಣೆಯಿಂದ ಬಂದಳು. ಪಾಸ್ಕಲನ ಹೆಂಡತಿ. ಬೆಳಗ್ಗಿನಿಂದ ಅತ್ತಿರಲಿಲ್ಲ. ಅವಳ ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಬಿಡಿಸಿ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟಾಗ ಕೋಣೆಯಲ್ಲಿದ್ದವರೆಲ್ಲ ಹಿಂದೆ ಸರಿದರು. ಕತ್ತಿ.

“ಮಮ್ಮಿ, ತಲೆ ಸರಿ ಉಂಟಾ? ಆ ದರಿದ್ರವನ್ನು ಹೊಳೆಗೆ ಬಿಸಾಡು!” ಸ್ಟೀವನ್ ಕೈ ಚಾಚಿದ.

ಪ್ರೆಸಿಲ್ಲಾ ಅವನ ಕೈಗೆ ಚಟೀರೆಂದು ಹೊಡೆದಳು. “ಮುಟ್ಟಬೇಡ. ಇದು ಅವರ ಜೊತೆ ಹೋಗ್ತದೆ.” ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಲೂಯಿಸನ ಕಡೆ ತಿರುಗಿದಳು. “ನೀವು ಹೇಳಿ ಲೂಯಿಸ್. ಪ್ರತಿ ಶನಿವಾರ ಇದಕ್ಕೆ ಎಣ್ಣೆ ಹಚ್ಚುತ್ತಿದ್ದರು, ಸಾಣೆ ಮಾತ್ರ ಹಿಡಿಯಲೇ ಇಲ್ಲ. ಅಲಗಿನಲ್ಲಿ ಎರಡು ಕಡೆ ಮುಕ್ಕಾಗಿದೆ ನೋಡಿ. ಎಂತದ್ದು ಇದು ಅಂತ ಕೇಳಿದರೆ ಎದ್ದು ಹೋಗ್ತಿದ್ದರು. ನಾನು ದಿನಾ ಮೀನು ಕೊಯ್ಯುವವಳು. ಬೆರಳು ಕಡಿದರೆ ಕತ್ತಿ ಮುಕ್ಕಾಗ್ತದಾ?”

ಎಲ್ಲರೂ ಅವನನ್ನೇ ನೋಡಿದರು. ಹೇಳಲಿಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಮಾತು ನಾಲಿಗೆಯ ತುದಿಗೆ ಬಂದಿತ್ತು.

“ನನಗೆ ಗೊತ್ತಿಲ್ಲ ಅತ್ತಿಗೆ,” ಎಂದುಬಿಟ್ಟ.

ಹೊರಗೆ ಬ್ಯಾಂಡು ಶುರುವಾಯಿತು.

*

ಅವತ್ತು ಆಸ್ಪತ್ರೆಯಲ್ಲೂ ಹೀಗೇ ಆಗಿತ್ತು. ಗಾಯದ ಕೇಸು ಎಂದು ಒಬ್ಬ ಪೊಲೀಸು ಬಂದು ಹಾಸಿಗೆಯ ಪಕ್ಕ ನಿಂತಿದ್ದ. ಲೂಯಿಸನ ಬಲಗೈ ಬ್ಯಾಂಡೇಜಿನ ಉಂಡೆಯಾಗಿತ್ತು. ವೆಲ್ಡಿಂಗ್ ಇಲ್ಲ, ಕುವೈಟ್ ಇಲ್ಲ, ಏನೂ ಇಲ್ಲ. ಅದಕ್ಕೆಲ್ಲ ಅಣ್ಣನೇ ಕಾರಣ ಎಂಬ ಸಿಟ್ಟು.

“ಯಾರು ಕಡಿದದ್ದು?”

“ಅಣ್ಣ.”

“ಯಾಕೆ?”

ಲೂಯಿಸ್ ಗೋಡೆಯ ಕಡೆ ಮುಖ ತಿರುಗಿಸಿದ. ಅಷ್ಟೇ. ಒಂದು ಸುಳ್ಳೂ ಹೇಳಲಿಲ್ಲ. ಉಳಿದ ಸುಳ್ಳನ್ನೆಲ್ಲ ಊರೇ ಹೇಳಿಕೊಂಡಿತು: ಪಾಲಿನ ಜಗಳವಂತೆ, ಕುಡಿದಿದ್ದನಂತೆ, ತಮ್ಮನ ವೀಸಾ ಕಂಡು ಹೊಟ್ಟೆಕಿಚ್ಚಂತೆ. ಎರಡು ರಾತ್ರಿ ಪಾಸ್ಕಲನನ್ನು ಠಾಣೆಯಲ್ಲಿ ಕೂರಿಸಿದರು. ದೂರು ಕೊಡುವುದಿಲ್ಲ ಎಂದು ಲೂಯಿಸ್ ಹೇಳಿದಾಗ ಬಿಟ್ಟರು. ಊರು ಅದನ್ನೂ ಲೂಯಿಸನ ದೊಡ್ಡ ಮನಸ್ಸು ಎಂದಿತು.

ಬಿಟ್ಟ ತಕ್ಷಣ ಪಾಸ್ಕಲ್ ಆಸ್ಪತ್ರೆಗೇ ಬಂದ. ಬಾಗಿಲಲ್ಲಿ ಅವನನ್ನು ಕಂಡದ್ದೇ ಲೂಯಿಸ್ ಎಡಗೈಗೆ ಸಿಕ್ಕಿದ ಸ್ಟೀಲಿನ ಫ್ಲಾಸ್ಕನ್ನು ಬೀಸಿ ಎಸೆದ. ಅದು ಹಣೆಗೆ ತಾಗಿ ಹುಬ್ಬು ಸೀಳಿತು. ಪಾಸ್ಕಲ್ ಲುಂಗಿಯ ತುದಿಯಿಂದ ರಕ್ತ ಒತ್ತಿ ಹಿಡಿದ.

“ತುಂಬಾ ನೋವುಂಟಾ?” ಎಂದು ಕೇಳಿದ. ತಂತಿಯ ಸುದ್ದಿ ಎತ್ತಲಿಲ್ಲ, ಅಲ್ಲೂ ಎತ್ತಲಿಲ್ಲ, ಮತ್ತೆಲ್ಲೂ ಎತ್ತಲಿಲ್ಲ. ಮರುವಾರದಿಂದ ಒಬ್ಬನೇ ಸಮುದ್ರಕ್ಕೆ ಹೋಗತೊಡಗಿದ. ಒಬ್ಬನೇ ದಿಮ್ಮಿ ಉರುಳಿಸಿ ದೋಣಿ ಇಳಿಸುವುದು, ಇಂಜಿನ್ನಿನ ಹಿಡಿಕೆಗೆ ಹಗ್ಗ ಕಟ್ಟಿ ಗಾಳ ಬಿಡುವುದು, ಹೆಣವಾದರೂ ಸಿಗಲಿ ಎಂದು ಸೊಂಟಕ್ಕೊಂದು ಹಗ್ಗ ಬಿಗಿದುಕೊಳ್ಳುವುದು. ಮಗ ದೊಡ್ಡವನಾಗಿ ತಾನೂ ಬರುತ್ತೇನೆ ಎಂದಾಗ ಕೆನ್ನೆಗೆ ಬಾರಿಸಿ ಮಣಿಪಾಲಕ್ಕೆ ಕೆಲಸಕ್ಕೆ ಅಟ್ಟಿದ.

*

ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಗುಂಡಿ ತಯಾರಿತ್ತು. ಮಾನಪ್ಪ ಮತ್ತು ಇನ್ನು ಮೂವರು ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದರು. ಮುಚ್ಚಳದ ಮೇಲಿದ್ದ ಕತ್ತಿ ಜಾರದಂತೆ ಪ್ರೆಸಿಲ್ಲಾ ಅದಕ್ಕೆ ತನ್ನ ಜಪಮಾಲೆ ಸುತ್ತಿ ಕಟ್ಟಿದ್ದಳು. ಫಾದರ್ ಪ್ರಾರ್ಥನೆ ಮುಗಿಸಿ ಪವಿತ್ರ ನೀರು ಚಿಮುಕಿಸಿದರು. ಮಣ್ಣು ಹಾಕುವ ಸರದಿ ಬಂತು. ಹೆಂಡತಿ ಹಾಕಿದಳು, ಮಗ ಹಾಕಿದ. ಆಮೇಲೆ ತಮ್ಮ.

ಲೂಯಿಸ್ ಬಗ್ಗಿ ಎಡಗೈಯಲ್ಲಿ ಮಣ್ಣು ತೆಗೆದ.

“ಎಡಗೈಯಲ್ಲಾ?” ಎಂದು ಹಿಂದಿನಿಂದ ಒಂದು ಹೆಂಗಸಿನ ಸ್ವರ ಬಂತು.

“ಶ್, ಪಾಪ,” ಎಂದ ಓಸ್ವಾಲ್ಡ್, ಎಲ್ಲರಿಗೂ ಕೇಳುವ ಹಾಗೆ. “ಬಲಗೈ ಇಲ್ಲದ ಹಾಗೆ ಮಾಡಿದವನಿಗೇ ಮಣ್ಣು ಹಾಕ್ಲಿಕ್ಕೆ ಬಂದಿದ್ದಾನೆ. ಎಷ್ಟು ಜನಕ್ಕೆ ಬರ್ತದೆ ಇಷ್ಟು ದೊಡ್ಡ ಮನಸ್ಸು!”

ಆ ಮಾತು ಸ್ಟೀವನ್ ಕೊಟ್ಟ ಏಟಿಗಿಂತ ಜೋರಾಗಿ ಬಿತ್ತು. ಲೂಯಿಸ್ ಎಡಗೈಯ ಮಣ್ಣನ್ನು ಕೆಳಗೆ ಬಿಟ್ಟ. ಕಿಸೆಯಿಂದ ಬಲಗೈ ತೆಗೆದು ಮೇಲೆತ್ತಿದ. ಹೆಬ್ಬೆರಳು, ಕಿರುಬೆರಳು, ನಡುವೆ ಏನೂ ಇಲ್ಲ.

“ತಂತಿ ಕಟ್ಟಿದ್ದು ನಾನು!” ಅವನು ಅರಚಿದ. “ಬೇಡ ಅಂತ ಹೇಳಿದ್ದ. ಕದ್ದು ಕಟ್ಟಿದೆ. ತೊರಕೆ ನನ್ನನ್ನು ಎಳಕೊಂಡು ಹೋಗ್ತಾ ಇತ್ತು. ಮೊದಲು ತಂತಿಗೇ ಹೊಡೆದ, ಎರಡು ಸಲ ಹೊಡೆದ. ಕತ್ತಿ ಮುಕ್ಕಾದದ್ದು ಅದಕ್ಕೆ ಅತ್ತಿಗೆ! ಬೆರಳು ಕಡಿದೇ ನನ್ನನ್ನು ಉಳಿಸಿದ್ದು. ಸಿಟ್ಟಿನಲ್ಲಿ ಅಲ್ಲ. ನಾನು ಹೇಳಲಿಲ್ಲ. ನಾನು ಯಾರಿಗೂ ಹೇಳಲಿಲ್ಲ!”



ಸ್ಟೀವನ್ ಅವನ ಮೇಲೆ ಹಾರಿದ. ಇಬ್ಬರೂ ಮಣ್ಣಿನ ರಾಶಿಯ ಮೇಲೆ ಬಿದ್ದರು. ಹುಡುಗ ಚಿಕ್ಕಪ್ಪನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ, ಹಿಡಿ ಹಿಡಿ ಮಣ್ಣು ಬಾಯಿಗೆ ತುರುಕಿದ. “ಒಬ್ಬರೇ ಹೋದರು!” ಎಂದು ಒಂದೊಂದು ಏಟಿಗೂ ಕೂಗಿದ. “ಒಬ್ಬರೇ ಹೋದರು! ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ನಾಯಿ!” ಬಹುವಚನವೂ ಹೋಗಿತ್ತು. ಬೆಳಗ್ಗೆ ಸೊಂಟ ಹಿಡಿದು ಎಳೆದ ಓಸ್ವಾಲ್ಡ್ ಈಗ ಹೆಜ್ಜೆ ಕೀಳಲಿಲ್ಲ. ಫಾದರ್ ಏನೋ ಹೇಳಿದ್ದು ಯಾರಿಗೂ ಕೇಳಲಿಲ್ಲ. ಲೂಯಿಸ್ ಕೈ ಅಡ್ಡ ಹಿಡಿಯಲಿಲ್ಲ.

“ಸಾಕು,” ಎಂದಳು ಪ್ರೆಸಿಲ್ಲಾ. ಅವಳು ಅಳುತ್ತಿದ್ದಳು, ಆ ದಿನದಲ್ಲಿ ಮೊದಲ ಸಲ.

ಸ್ಟೀವನ್ ಎದ್ದು ಏದುಸಿರು ಬಿಡುತ್ತ ನಿಂತ. ಲೂಯಿಸ್ ಹೊರಳಿ ಬಾಯಿಯ ಮಣ್ಣು, ರಕ್ತ ಉಗುಳಿದ. ಒಂದು ಹಲ್ಲೂ ಬಿತ್ತು. ಮೊಣಕಾಲಿನಲ್ಲಿ ತೆವಳಿ ಗುಂಡಿಯ ಅಂಚಿಗೆ ಬಂದು, ಬಲಗೈಯಿಂದ ಮಣ್ಣು ತೆಗೆದ. ಅಲ್ಲಿಯ ಮಣ್ಣೆಂದರೆ ಮುಕ್ಕಾಲು ಹೊಯಿಗೆ, ಸಡಿಲ ಮರಳು. ಕೈ ಗುಂಡಿಯ ಮೇಲೆ ಬರುವಷ್ಟರಲ್ಲಿ ಬೆರಳಿಲ್ಲದ ಜಾಗದಿಂದ ಅದು ಸುರಿದುಹೋಯಿತು. ಅಂಗೈಗೆ ಅಂಟಿದ್ದಷ್ಟು ಮಾತ್ರ ಒಳಗೆ ಬಿತ್ತು.

ಹೊತ್ತಾಗುತ್ತದೆಂದು ಮಾನಪ್ಪ ಸಲಿಕೆ ಹಿಡಿದು ಮುಂದೆ ಬಂದ. ಸ್ಟೀವನ್ ಅವನ ಎದೆಗೆ ಕೈ ಅಡ್ಡ ಇಟ್ಟ.

“ಬೇಡ. ಇವರೇ ಹಾಕಲಿ. ಆ ಕೈಯಲ್ಲೇ ಹಾಕಲಿ.”

ಯಾರೂ ಮನೆಗೆ ಹೊರಡಲಿಲ್ಲ. ಬ್ಯಾಂಡಿನವರು ವಾದ್ಯಗಳನ್ನು ಕೆಳಗಿಟ್ಟು ಕೂತರು. ಲೂಯಿಸ್ ಬಗ್ಗಿದ, ತೆಗೆದ, ಸುರಿದುಹೋಯಿತು. ಮತ್ತೆ ಬಗ್ಗಿದ. ಬಿಸಿಲು ತೆಂಗಿನ ತಲೆಗಳಿಂದ ಕೆಳಗಿಳಿದು ಗುಂಡಿಯ ಒಳಗೆ ಓರೆಯಾಗಿ ಬಿದ್ದಾಗಲೂ ಪೆಟ್ಟಿಗೆಯ ಮೇಲೆ ಆ ಕತ್ತಿ, ಅಲಗಿನ ಎರಡು ಮುಕ್ಕುಗಳ ಸಮೇತ, ಇನ್ನೂ ಕಾಣುತ್ತಲೇ ಇತ್ತು.