ಅಳಿಯ ಹಾಕಿದ ಸರಪಳಿ

ಮಧುಕರ್ ಮೂರನೇ ಸಲ ಪಂಚೆ ಬಿಚ್ಚಿ ಕಟ್ಟುತ್ತಿದ್ದ. ಅದು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ದ್ವಾರಕಾನಾಥರೇ ಬಂದು ಮೇಲೊಂದು ಬೆಲ್ಟು ಬಿಗಿದರು. ಅವರದು ವಾರಕ್ಕೆ ಐದು ದಿನ ಡೇಟಾಬೇಸು ಕೆಲಸ, ಎರಡು ದಿನ ಪೌರೋಹಿತ್ಯ; ಅಂದು ಮಂಗಳವಾರವಾದರೂ ರಜೆ ಹಾಕಿ ಬಂದಿದ್ದರು. ರೆಡ್‌ವುಡ್ ಸಿಟಿಯ ಕನ್ನಡಿಗರಿಗೆ ನಾಮಕರಣಕ್ಕೂ ಅವರೇ, ಶವಸಂಸ್ಕಾರಕ್ಕೂ ಅವರೇ.

"ಹತ್ತೂವರೆಗೆ ಸ್ಲಾಟು. ಗಂಡುಮಕ್ಕಳಿಲ್ವಲ್ಲ, ಅಗ್ನಿ ಕೊಡೋ ಬಟನ್ನು ನೀವೇ ಒತ್ಬೇಕು. ನಿಮ್ಮತ್ತೇನೂ ಅದನ್ನೇ ಹೇಳಿದಾರೆ."

ಒಳಗೆ ಮಾವ ಕೆಂಪರಾಜು ಪೆಟ್ಟಿಗೆಯಲ್ಲಿ ಮಲಗಿದ್ದರು. ಹಣೆಯ ಗಾಯ ಕಾಣದಂತೆ ಅವರ ಮಗಳು, ಮಧುಕರನ ಹೆಂಡತಿ ಗಾನವಿ ಪೇಟ ಸುತ್ತಿಸಿದ್ದಳು.

"ಚಕ್ರಕ್ಕೆ ಚೈನು ಹಾಕಿದ್ರಂತಲ್ಲ, ಆದ್ರೂ ಹಿಮದಲ್ಲಿ ಟ್ರ್ಯಾಕ್ಟರು ಜಾರ್ತಾ?" ಪಕ್ಕದ ಅಪಾರ್ಟ್‌ಮೆಂಟಿನ ಶೈಲಜಾ ಪಿಸುಗುಟ್ಟಿದಳು.

"ಹಣೆಬರಹ ಕಣೇ, ಚೈನು ಏನ್ಮಾಡುತ್ತೆ?" ಎಂದ ಅವಳ ಗಂಡ ಶ್ರೀಕಂಠ.

ಮಧುಕರ್ ತಲೆಯೆತ್ತಲಿಲ್ಲ.

* * *

ಮಂಡ್ಯದ ಕಡೆ ಇಪ್ಪತ್ತೆಂಟು ವರ್ಷ ಕಬ್ಬಿನ ಟ್ರ್ಯಾಕ್ಟರು ಓಡಿಸಿದ ಕೆಂಪರಾಜುಗೆ ಮಗಳ ಅಪಾರ್ಟ್‌ಮೆಂಟಿನಲ್ಲಿ ಹೊತ್ತೇ ಹೋಗುತ್ತಿರಲಿಲ್ಲ. ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಗೊಣಗುತ್ತಿದ್ದರು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಷೇರು ಏರಿದ ಗುಂಗಿನಲ್ಲಿ ಅಳಿಯ ವಾರಾಂತ್ಯಕ್ಕೆಂದು ಹಿಮ ಬೀಳುವ ಟಾಹೋ ಬೆಟ್ಟದಲ್ಲಿ ಮರದ ಮನೆ ಕೊಂಡ. ಅದರ ಷೆಡ್ಡಿನಲ್ಲಿ ಹಳೇ ಟ್ರ್ಯಾಕ್ಟರೊಂದಿತ್ತು. ಮುದುಕರಿಗೆ ಹೋದ ಜೀವ ಬಂತು. ವಾರಾಂತ್ಯವಿಡೀ ನೆರೆಹೊರೆಯವರ ಬಾಗಿಲ ಮುಂದಿನ ಹಿಮವನ್ನೂ ಪುಕ್ಕಟೆ ತಳ್ಳಿಕೊಟ್ಟು, ತಮಗೆ ಬಾರದ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳಿಸಿಕೊಂಡು ಬರುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಅವರು ಹಿಮದಲ್ಲಿ ಚಕ್ರ ಜಾರದಂತೆ ಹಾಕುವ ಸರಪಳಿ ಎಳೆದು ತಂದಾಗ ಮಧುಕರ್ ಅಡ್ಡ ಬಂದ.

"ಬಿಡಿ ಮಾವ, ಇವತ್ತು ನಾನು ಹಾಕ್ತೀನಿ."

"ಹಾಕಿ ಅಳಿಯಂದ್ರೆ. ಹಾಕಾದ್ಮೇಲೆ ಹತ್ತು ಹೆಜ್ಜೆ ಓಡ್ಸಿ, ಇನ್ನೊಂದ್ ಕಿತ ಬಿಗೀಬೇಕು. ಅಲ್ಲೀಗಂಟ ಸಡ್ಲಾನೇ."

ಹಿಂದಿನ ಚಕ್ರಗಳ ಮೇಲೆ ಸರಪಳಿ ಹೊದಿಸಿ, ಒಳಗಿನ ಕೊಕ್ಕೆ ಸಿಕ್ಕಿಸಿ, ಹೊರಗಿನದನ್ನು ಎಳೆದು ಕಟ್ಟಿದ. ಹತ್ತು ಹೆಜ್ಜೆ ಓಡಿಸಿದ್ದೂ ಆಯಿತು. ಅಷ್ಟರಲ್ಲಿ ಮನೆಯ ಫೋನು ಬಡಿದುಕೊಂಡಿತು, ಶನಿವಾರವಾದರೂ ಆಫೀಸಿನ ತುರ್ತು ಮೀಟಿಂಗು. ಕಿಟಕಿಯ ಬಳಿ ನಿಂತು ಮಾತಾಡುವಾಗ ಟ್ರ್ಯಾಕ್ಟರು ಹೊರಟ ಸದ್ದು ಕೇಳಿತು. ಬಿಗಿದಿಲ್ಲವೆಂದು ನೆನಪಾಯಿತು. ಫೋನಿಟ್ಟು ಓಡಬೇಕಿತ್ತು. ಇನ್ನೊಂದು ನಿಮಿಷ ಎಂದುಕೊಂಡ. ಮಾತು ಮುಗಿಸಿ ಓಡಿಹೋದಾಗ ಕಳಚಿದ ಸರಪಳಿ ಇಳಿಜಾರಿನ ಮೇಲೆ ಬಿದ್ದಿತ್ತು. ಟ್ರ್ಯಾಕ್ಟರು ಕೆಳಗೆ ಹಳ್ಳದಲ್ಲಿ ಮಗುಚಿತ್ತು.

* * *

ಕ್ರಿಮೆಟೋರಿಯಮ್ಮಿನಲ್ಲಿ ದ್ವಾರಕಾನಾಥರು ಮಂತ್ರ ಮುಗಿಸಿ ಗೋಡೆಯ ಕೆಂಪು ಬಟನ್ನು ತೋರಿಸಿದರು. ಮಧುಕರ್ ಅತ್ತೆಯ ಕಡೆ ತಿರುಗಿದ.

"ನಾನು ಒತ್ತಲ್ಲ ಅತ್ತೆ. ಚೈನು ಹಾಕಿದ್ದು ನಾನು. ಎರಡನೇ ಸಲ ಬಿಗೀದೆ ಫೋನಿಗೆ ಹೋದೆ. ಮಾವ ಸತ್ತಿದ್ದು ನನ್ನಿಂದ."

ಮರಿತಾಯಮ್ಮ ಸೆರಗಿನಿಂದ ಬಾಯೊರೆಸಿಕೊಂಡರು.

"ಗೊತ್ತು ಕಣಪ್ಪ. ನಾನು ಟ್ರ್ಯಾಕ್ಟ್ರು ಪಕ್ಕದಲ್ಲೇ ನಿಂತಿದ್ದೆ. ಅವ್ರೂ ನೋಡುದ್ರು. ಸಡ್ಲ ಅದೆ ಅಂದ್ರು. ಬಿಗಿರಿ ಮತ್ತೆ ಅಂದೆ. 'ಅಳಿಯಂದ್ರು ಕಿಟ್ಕಿಲಿ ನೋಡ್ತಾವ್ರೆ. ಅವ್ರ್ ಮಾಡಿದ್ ಕೆಲ್ಸನ ನಾನ್ ತಿದ್ದುದ್ರೆ ಬೇಜಾರ್ ಮಾಡ್ಕತರೆ. ಒಂದ್ ಸುತ್ತಿಗೆ ಏನೂ ಆಗಕ್ಕಿಲ್ಲ' ಅಂದ್ರು. ಅಳಿಯನ್ ತಪ್ಪ ಎತ್ತಾಡಬಾರ್ದು ಅಂತ ನಾನೂ ಸುಮ್ಕಾದೆ." ಅವರು ಬಟನ್ನಿನ ಕಡೆ ಕೈ ತೋರಿದರು. "ಒತ್ತಿ, ಕಳ್ಸಿಕೊಡಿ ಅವ್ರ್‌ನ."

ಹಿಂದೆಯೇ ನಿಂತಿದ್ದ ಗಾನವಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಿಮ್ಮಿಬ್ಬರಿಗೂ ಗೊತ್ತಿತ್ತು," ಎಂದಳು. "ಮೂರು ದಿನದಿಂದ ನಾನು ದೇವರನ್ನ ಬೈತಿದೀನಿ."

ಅವಳು ಗಂಡನನ್ನು ಪಕ್ಕಕ್ಕೆ ಸರಿಸಿ ತಾನೇ ಬಟನ್ನು ಒತ್ತಿದಳು. ಒಳಗೆ ಬೆಂಕಿ ಭುಸ್ಸೆಂದಿತು.

"ಇನ್ನು ಯಾರೂ ತಿರುಗಿ ನೋಡ್ಬಾರ್ದು, ನೆಟ್ಟಗೆ ನಡೀರಿ," ಎಂದರು ದ್ವಾರಕಾನಾಥರು.

ಎಲ್ಲರೂ ಹೊರಬಂದು ಪಾರ್ಕಿಂಗಿನಲ್ಲಿ ತಂತಮ್ಮ ಕಾರು ಹುಡುಕಿದರು. ಗಾನವಿ ತಮ್ಮ ಕಾರನ್ನು ದಾಟಿ, ಗೇಟನ್ನು ದಾಟಿ, ಫ್ರೀವೇಯ ಸದ್ದಿನ ಕಡೆ ನಡೆದೇ ನಡೆದಳು. ಮಧುಕರ್ ಎರಡು ಸಲ ಹೆಸರು ಹಿಡಿದು ಕೂಗಿದ. ಅವಳು ತಿರುಗಿ ನೋಡಲಿಲ್ಲ.