ವೆಜಿ ಸಿಕ್ಕ ಮನೆ

"ಅಕ್ಕಾ, ಎದ್ದಿದ್ದೀಯಾ?" ಎಂಬ ಕೂಗು ಅಂಗಳದಾಚೆಯಿಂದ ಕೇಳಿದ್ದೇ ತಡ, ನ್ಯಾಲುಹಂಗ ಅಡುಗೆ ಗುಡಿಸಲಿನ ಬಾಗಿಲನ್ನು ಎಳೆದುಕೊಂಡು ಅದಕ್ಕೇ ಬೆನ್ನು ಕೊಟ್ಟು ನಿಂತಳು. ಒಳಗೆ ವೆಜಿ ಒಲೆ ಊದುತ್ತಿದ್ದಳು. ಊದಬೇಡ ಎಂದು ಹೇಳುವಷ್ಟು ಹೊತ್ತೂ ಇರಲಿಲ್ಲ.

ಬಂದವಳು ನ್ಯಾಗೊಂಡ್ವೆ, ಶಾಲೆಯ ತಾಯಂದಿರ ಗುಂಪಿನಲ್ಲಿ ಇವಳ ಜೊತೆಗಾತಿ. ಗುಂಪಿನ ಹಸಿರು ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡೇ ಬಂದಿದ್ದಳು. ಆ ಬಟ್ಟೆ ಕಂಡರೆ ಸಾಕು, ಯಾವುದೋ ಹುಡುಗಿ ಶಾಲೆ ಬಿಟ್ಟಿದ್ದಾಳೆ, ಇವರು ಅವಳನ್ನು ಕರೆತರಲು ಯಾರದೋ ಮನೆಗೆ ಹೊರಟಿದ್ದಾರೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಪಟ್ಟಣದ ಸೇವಾಸಂಸ್ಥೆಯವರು ಸೋಪು ಕೊಡುತ್ತಾರೆ, ಪುಸ್ತಕ ಕೊಡುತ್ತಾರೆ, ಸಮವಸ್ತ್ರಕ್ಕೆ ಬಟ್ಟೆ ಕೊಡುತ್ತಾರೆ. ಬಿಸಿಲಲ್ಲಿ ನಡೆಯುವುದು, ಬೈಸಿಕೊಳ್ಳುವುದು, ನಾಯಿ ಕೈಲಿ ಕಚ್ಚಿಸಿಕೊಳ್ಳುವುದು ಮಾತ್ರ ಈ ತಾಯಂದಿರ ಪಾಲಿಗೆ. ಅದೂ ಬಿಟ್ಟಿ.

"ವೆಜಿ ರಾತ್ರಿ ಮನೆಗೇ ಬಂದಿಲ್ವಂತೆ," ಎಂದಳು ನ್ಯಾಗೊಂಡ್ವೆ ಏದುಸಿರು ಬಿಡುತ್ತ. "ಎಂಟನೇ ಕ್ಲಾಸು, ಪರೀಕ್ಷೆ ಬೇರೆ ತಲೆ ಮೇಲಿದೆ! ಅವರಪ್ಪ ದೊಣ್ಣೆ ಹಿಡ್ಕೊಂಡು ಮನೆ ಮನೆ ತಿರುಗ್ತಿದ್ದಾನೆ. ಯಾವನೋ ಹಾರಿಸ್ಕೊಂಡು ಹೋಗಿರ್ಬೇಕು. ಬಟ್ಟೆ ಸುತ್ಕೋ, ಹೊರಡು."

"ನೀನು ಮುಂದೆ ನಡಿ. ನಂಗೆ ಜೋಳ ಕುಟ್ಟೋದಿದೆ."

"ನೀನಿಲ್ದೆ ನಾನೇನು ಮಾಡ್ಲಿ? ಬಯ್ಯೋಕೆ ಅಂತ ಬಾಯಿ ತೆಗೆದ್ರೆ ನಂಗೇ ಅಳು ಬಂದ್ಬಿಡುತ್ತೆ. ಹೋದ್ಸಲ ಆ ಇಟ್ಟಿಗೆ ಸುಡೋನ ಮನೇಲಿ ಅವನೇ ನಂಗೆ ನೀರು ಕೊಟ್ಟು ಸಮಾಧಾನ ಮಾಡ್ದ."

ಬೇರೆ ದಿನವಾಗಿದ್ದರೆ ನ್ಯಾಲುಹಂಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತಳು. ಜೊತೆಗಾತಿಯ ಕಣ್ಣು ಗುಡಿಸಲಿನ ಸೂರಿನಿಂದ ಏಳುತ್ತಿದ್ದ ಹೊಗೆಯ ಮೇಲಿತ್ತು.

"ಅಜ್ಜಿ ಇಲ್ಲಿದ್ದಾರೆ. ನೀನೂ ಇಲ್ಲೇ ಇದ್ದೀಯ. ಒಲೆ ಯಾರು ಊದ್ತಿದ್ದಾರಕ್ಕ?"

ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ, ಊರಿಗೆಲ್ಲ ಅಜ್ಜಿ, ರೆಪ್ಪೆ ಕೂಡ ಮಿಟುಕಿಸಲಿಲ್ಲ. "ನನ್ನ ತಂಗಿ ಮೊಮ್ಮಗಳು ಕಣವ್ವ. ಸರೋವರದ ಕಡೆಯಿಂದ ಬಂದವ್ಳೆ. ನಾಚ್ಕೆ ಜಾಸ್ತಿ."

ನ್ಯಾಗೊಂಡ್ವೆ ಅಜ್ಜಿಯನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. "ಮಾವಿನ ಮರದ ಹತ್ರ ಕಾಯ್ತಿರ್ತೀನಿ," ಎಂದಷ್ಟೇ ಹೇಳಿ ಹೊರಟುಹೋದಳು.

"ಇನ್ನೂ ಏನು ಗರ ಬಡಿದಂಗೆ ನಿಂತಿದ್ದೀಯ?" ಅಜ್ಜಿ ಗದರಿದಳು. "ಹೊತ್ತೇರೋದ್ರೊಳಗೆ ಅವರ ಮನೆಗೆ ಮಾತು ಮುಟ್ಟಬೇಕು. 'ನಿಮ್ಮ ಹುಡುಗಿ ನಮ್ಮಲ್ಲವ್ಳೆ, ಹುಡುಕಬೇಡಿ' ಅಂತ. ಹೇಳಿ ಕಳಿಸಿದ್ರೆ ಬೀಗರಾಗ್ತೀವಿ. ಸುಮ್ನಿದ್ರೆ ಕಳ್ಳರಾಗ್ತೀವಿ."

ಆ ಮಾತೊಂದು ಹೋಯಿತೆಂದರೆ ವೆಜಿ ಈ ಮನೆಯ ಸೊಸೆ. ನಿನ್ನೆ ಸಂಜೆ ಮಗ ವೊಂಗಾನಿ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದಾಗ ನ್ಯಾಲುಹಂಗಳಿಗೆ ಕೈಕಾಲೇ ಆಡಿರಲಿಲ್ಲ. ಹುಡುಗಿಯನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿಸಿ, ಮಗನನ್ನು ಹೊರಗಿನ ಕೋಣೆಗೆ ಅಟ್ಟಿದ್ದಳು. ಅವನೋ ಬೆಳಗಾಗುತ್ತಲೇ ಶಿಳ್ಳೆ ಹಾಕುತ್ತ, ಹೆಂಡತಿಗೆ ವಾಸನೆ ಸೋಪು ತರುತ್ತೇನೆಂದು ರುಂಫಿ ಪೇಟೆಗೆ ಹೋಗಿದ್ದ. ಅವನ ಅಪ್ಪ ದುಡಿಯಲು ಜೋಹಾನ್ಸ್‌ಬರ್ಗ್ ಸೇರಿ ವರ್ಷಗಳಾಗಿದ್ದವು. ಹೇಳುವವರು ಕೇಳುವವರು ಎಲ್ಲ ಇವಳೊಬ್ಬಳೇ.

"ಅವಳಾಗೇ ಬಂದಳು, ನಾವೇನು ಮಾಡೋಣ?" ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮೇಲೆ ಹೊಳೆದಿತ್ತು. ಗುಂಪಿನ ಜೊತೆ ಹೋದ ಮನೆಮನೆಯಲ್ಲೂ ಕೇಳಿದ ಮಾತೇ ಅದು. "ತಾನಾಗಿ ಬಂದ ಮೇಕೆ ಅಂತ ಪಕ್ಕದವರ ಮೇಕೆನ ಕಟ್ಟಿ ಹಾಕ್ಕೊಳ್ತೀರೇನು?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದವಳೂ ಇವಳೇ.

ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಅಂಗಳ ಗುಡಿಸಿ ಆಗಿತ್ತು. ಸ್ನಾನಕ್ಕೆ ನೀರು ಕಾದಿತ್ತು. ಹೊಸ ಸೊಸೆಯಂತೆ ವೆಜಿ ಮಂಡಿಯೂರಿ, ಕಣ್ಣೆತ್ತದೆ, "ನೀರಿಟ್ಟಿದ್ದೀನಿ ಅಮ್ಮ," ಎಂದಿದ್ದಳು. ಈ ಮನೆಗೆ ಬಂದಂದಿನಿಂದ ನ್ಯಾಲುಹಂಗ ಬೇರೆಯವರಿಗೆ ನೀರು ಕಾಯಿಸಿದ್ದೇ ಹೊರತು ಅವಳಿಗೆ ಯಾರೂ ಕಾಯಿಸಿರಲಿಲ್ಲ. ಬೆನ್ನ ಮೇಲೆ ಬಿಸಿ ನೀರು ಬಿದ್ದಾಗ, ಇವಳು ಇಲ್ಲೇ ಇದ್ದುಬಿಡಲಿ ಎಂದು ಮನಸ್ಸು ಆಸೆಪಟ್ಟಿತ್ತು. ಆಮೇಲೆ ನಾಚಿಕೆಯಾಯಿತು, ನಿಜ. ಆದರೂ ಆಸೆ ಹೋಗಿರಲಿಲ್ಲ.

ಅವಳು ಬಾಗಿಲು ತೆರೆದು ಒಳಗೆ ಬಂದಳು. ವೆಜಿ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮೈಮೇಲೆ ಅದೇ ನೀಲಿ ಸಮವಸ್ತ್ರ. ನ್ಯಾಲುಹಂಗ ತನ್ನ ಕೈಯಾರೆ ಹೊಲಿದದ್ದು.

"ನಿಜ ಹೇಳು ಮಗಳೇ. ವೊಂಗಾನಿ ಅಂದ್ರೆ ನಿಂಗೆ ಅಷ್ಟೊಂದು ಇಷ್ಟಾನಾ?"

ಹುಡುಗಿ ಸಮವಸ್ತ್ರದ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡಳು. "ಒಳ್ಳೆಯವ್ನು. ನಗಿಸ್ತಾನೆ," ಎಂದಳು. ಆಮೇಲೆ ಮಾತು ಒಮ್ಮೆಲೇ ನುಗ್ಗಿ ಬಂತು. "ಫೇಲಾದ್ರೆ ಮೀನು ವ್ಯಾಪಾರಿಗೆ ಕೊಡ್ತೀನಿ ಅಂತ ಅಪ್ಪ ದಿನಾ ಅಂತಾರಮ್ಮ. ಚಿಕ್ಕಮ್ಮ ರಾತ್ರಿ ಓದೋಕೆ ದೀಪಾನೇ ಹಚ್ಚೋಕೆ ಬಿಡಲ್ಲ. ನಾನು ಫೇಲಾಗೇ ಆಗ್ತೀನಿ. ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ. ಇಲ್ಲಿಯಾದ್ರೆ ನೀವಿದ್ದೀರಿ. ನೀವಿದ್ದೀರಿ ಅಂತಾನೇ ಅವನ ಸೈಕಲ್ ಹತ್ತಿದೆ."

ನ್ಯಾಲುಹಂಗ ಮೋಟುಗೋಡೆಯ ಮೇಲೆ ಕೂತಳು. ಇಷ್ಟು ವರ್ಷ ಹುಡುಗಿಯರನ್ನು ಕೈಹಿಡಿದು ಮಾತಾಡಿಸಿದ್ದಕ್ಕೆ ಸಿಕ್ಕ ಫಲ ಇದು: ಒಬ್ಬಳು ಅವಳನ್ನೇ ನಂಬಿ, ಅವಳ ಮನೆಗೆ ಬರಲು ಇದ್ದ ಒಂದೇ ಬಾಗಿಲಿನಿಂದ, ಸೊಸೆಯಾಗಿ, ಒಳಗೆ ಬಂದಿದ್ದಳು. ದುಃಖ ಉಕ್ಕಿ ಬಂತು. ಅಳಲು ಸಮಯವಿರಲಿಲ್ಲ.

"ಮುಖ ತೊಳ್ಕೋ. ಶಾಲೆಗೆ ಹೋಗೋಣ. ಸಂಜೆ ನಿಮ್ಮಪ್ಪನ ಹತ್ರ ನಾನೇ ಬಂದು ಮಾತಾಡ್ತೀನಿ. ದೀಪಾನೂ ನಾನೇ ತರ್ತೀನಿ."

ಇಬ್ಬರೂ ಅಂಗಳ ದಾಟುವಾಗ ಅಜ್ಜಿ ಎದೆ ಬಡಿದುಕೊಂಡಳು. "ಹೆತ್ತ ಮಗನ್ನ ಪೊಲೀಸರ ಕೈಗೆ ಕೊಡ್ತೀಯೇನೇ, ಪಾಪಿ? ಆ ಹಸ್ರು ಬಟ್ಟೆ ನಿಂಗೆ ಅನ್ನ ಹಾಕುತ್ತೇನೇ?"

ಮಾವಿನ ಮರದ ಕೆಳಗಿಂದ ನ್ಯಾಗೊಂಡ್ವೆ ಎದ್ದು ಬಂದಳು. ಜೊತೆಗೆ ಹೆಜ್ಜೆ ಹಾಕಿದಳು. ಶಾಲೆಯ ತಗಡಿನ ಸೂರು ಕಂಡಾಗ ಮೆಲ್ಲಗೆ ಅಂದಳು: "ದಾರೀಲಿ ಸಿಕ್ಕಿದ್ಳು ಅನ್ನೋಣ ಅಕ್ಕ. ನಾನೂ ಹಾಗೇ ಹೇಳ್ತೀನಿ."

ಹುಡುಗಿಯನ್ನು ಕರೆತಂದ ದಿನ, ಅವಳು ಯಾವ ಮನೆಯಲ್ಲಿದ್ದಳೆಂದು ಮಕ್ಕಳ ಸಾಲಿನ ಮುಂದೆ ಕೂಗಿ ಹೇಳಬೇಕು. ಬಚ್ಚಿಟ್ಟವರಿಗೆ ನಾಚಿಕೆಯಾಗಲಿ ಎಂದು ಹಠ ಹಿಡಿದು ಆ ನಿಯಮ ಮಾಡಿಸಿದ್ದು ನ್ಯಾಲುಹಂಗಳೇ. ಹೆಸರು ಹೊರಬಿದ್ದರೆ ಮಧ್ಯಾಹ್ನದೊಳಗೆ ಊರ ಮುಖಂಡ ವೊಂಗಾನಿಯನ್ನು ಕರೆಸುತ್ತಾನೆ. ಮುಖಂಡನ ಹಿಂದೆಯೇ ಪೊಲೀಸರು. ಶಾಲೆಗೆ ತಡವಾಗಿ ಸೇರಿದವಳಾದರೂ ವೆಜಿಗಿನ್ನೂ ಹದಿನಾರು, ಕಾನೂನು ಒಪ್ಪುವ ಮದುವೆ ವಯಸ್ಸಲ್ಲ.

"ದಾರೀಲಿ ಸಿಕ್ಕಿದ್ಳು ಅಂದ್ರೆ ರಾತ್ರಿ ಎಲ್ಲಿದ್ಳು ಅಂತ ಊರು ಬಾಯಿಗೆ ಬಂದಿದ್ದು ಆಡುತ್ತೆ," ಎಂದಳು ನ್ಯಾಲುಹಂಗ. "ಅವರಪ್ಪ ನಾಳೇನೇ ಆ ಮೀನಿನವನಿಗೆ ಕೊಟ್ಟು ಕೈ ತೊಳ್ಕೋತಾನೆ."

"ಮತ್ತೆ ವೊಂಗಾನಿ?"

ನ್ಯಾಲುಹಂಗ ಹೆಜ್ಜೆ ಚುರುಕು ಮಾಡಿದಳು. ಸೋಪು ಕಿಸೆಗೆ ಹಾಕಿಕೊಂಡು ದಿಣ್ಣೆ ಹತ್ತಿ ಬರುತ್ತಿರುವ ಮಗ ಅವಳ ಕಣ್ಣಿಗೆ ಕಟ್ಟಿದ್ದ.

ಶಾಲೆಯ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರು. ಮೂವರನ್ನೂ ಕಂಡು ಹೆಡ್‌ಮಾಸ್ತರರು ಸಂತೋಷದಿಂದ ಕೈ ತಟ್ಟಿದರು. "ನೋಡಿ, ನಮ್ಮಮ್ಮಂದಿರು ಹೋದರೆ ಬರಿಗೈಲಿ ಬರೋದುಂಟಾ? ಹೇಳಿ ತಾಯಿ, ವೆಜಿ ಯಾರ ಮನೇಲಿ ಸಿಕ್ಕಿದಳು?"

ಆಟದ ಬಯಲಿನ ಆಚೆಗೂ ಕೇಳುವ ಗಂಟಲು ನ್ಯಾಲುಹಂಗಳದು. ಅವಳು ಬಾಯಿ ತೆರೆದಳು. ತುಟಿ ಅಲುಗಿತು.

"ಕೇಳಿಸಲಿಲ್ಲ, ಜೋರಾಗಿ ಹೇಳಿ ತಾಯಿ."

"ನ್ಯಾಲುಹಂಗಳ ಮನೇಲಿ," ಎಂದಳು ಅವಳು. "ರಾತ್ರಿ ಅಜ್ಜಿ ಪಕ್ಕದಲ್ಲಿ ಮಲಗಿದ್ಳು."

ಮಾಸ್ತರರ ಮುಖದ ನಗು ಹಾಗೇ ನಿಂತುಬಿಟ್ಟಿತು. ದೊಡ್ಡ ಮಕ್ಕಳು ಉಸಿರು ಬಿಗಿಹಿಡಿದರು. ಆದರೆ ಮುಂದಿನ ಸಾಲಿನಲ್ಲಿದ್ದ ಒಂದನೇ ತರಗತಿಯ ಪುಟಾಣಿಗಳಿಗೆ ದೊಡ್ಡವರು ನಿಂತು ಹೇಳಿದ್ದನ್ನೆಲ್ಲ ಒಪ್ಪಿಸಿ ಅಭ್ಯಾಸ. ಎಲ್ಲರೂ ಒಟ್ಟಾಗಿ, ರಾಗವಾಗಿ, ಕತ್ತು ನಿಲುಕಿಸಿ ಕೂಗಿದರು:

"ನ್ಯಾಲುಹಂಗಳ ಮನೇಲಿ!"

ಯಾರೂ ಅವರನ್ನು ಸುಮ್ಮನಿರಿಸಲಿಲ್ಲ. ಮಕ್ಕಳು ಮೆಚ್ಚುಗೆಗಾಗಿ ಸುತ್ತ ನೋಡಿ, ಇನ್ನೂ ಜೋರಾಗಿ ಮತ್ತೊಮ್ಮೆ ಕೂಗಿದರು. ವೆಜಿ ತಲೆ ತಗ್ಗಿಸಿ ಎಂಟನೇ ತರಗತಿಯ ಸಾಲಿನ ಕಡೆ ನಡೆದಳು. ಅಲ್ಲಿದ್ದ ಹುಡುಗಿಯೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟಳು.