ಖಾಲಿ ಹಾಳೆಯ ಸರ್ವಾನುಮತ

ಹೆಡತಲೆಯ ಹಾಲಿನ ಡೈರಿಯಲ್ಲಿ ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದ ಮಹಾದೇವಸ್ವಾಮಿಗೆ ಸಭೆ ನಡೆಸುವುದೆಂದರೆ ನೀರು ಕುಡಿದಷ್ಟು ಸುಲಭ. ಈಗ ನೀರು ಕುಡಿಯುವುದೇ ಕಷ್ಟವಾಗಿದೆ, ಆ ಮಾತು ಬೇರೆ. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ನಂಜನಗೂಡಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಅವನಿಗೆ ದಿನಕ್ಕೆ ಇಷ್ಟೇ ಲೋಟ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಡೈರಿಯ ಸಭೆಗಳಿಗೆ ಒಂದು ಪದ್ಧತಿ ಇತ್ತು. ಜನ ಬಂದ ಕೂಡಲೇ ನಡಾವಳಿ ಪುಸ್ತಕದ ಖಾಲಿ ಹಾಳೆಯ ಕೆಳಗಡೆ ಸೈನ್ ಹಾಕಿ, ಕಾಫಿ ಕುಡಿದು, ಹಸು ಕರೆಯುವ ಹೊತ್ತಾಯಿತೆಂದು ಎದ್ದು ಹೋಗುವುದು. ಆಮೇಲೆ ಮಹಾದೇವಸ್ವಾಮಿ ನಿಧಾನವಾಗಿ ಕುಳಿತು ಸೈನುಗಳ ಮೇಲಿನ ಜಾಗದಲ್ಲಿ ಏನು ಬೇಕೋ ಅದನ್ನು ಬರೆದು, 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಮುಗಿಸುವುದು. ಇದರಲ್ಲಿ ಮೋಸವಿದೆ ಎಂದು ಅವನಿಗೆ ಒಂದು ದಿನವೂ ಅನಿಸಿರಲಿಲ್ಲ. ಪಕ್ಕದ ಬೀದಿಯ ಜವರಮ್ಮ ಒಮ್ಮೆ, ಹಾಲು ಅಳೆಯುವ ಕಡೆ ಹೆಂಗಸರಿಗೆ ಬೇರೆ ಸಾಲು ಬೇಕೆಂದು ಸಭೆಯಲ್ಲಿ ಅರ್ಧ ಗಂಟೆ ಕೂಗಾಡಿದ್ದಳು. ಪುಸ್ತಕದಲ್ಲಿ ಮಾತ್ರ ಅವಳೂ ಎಲ್ಲರ ಜೊತೆ ಈಗಿರುವ ವ್ಯವಸ್ಥೆಯನ್ನು ಮೆಚ್ಚಿಕೊಂಡಿದ್ದಳು.

ಈಗ ಜವರಮ್ಮನಿಗೂ ಅದೇ ಕಾಯಿಲೆ, ಅದೇ ಮಂಗಳವಾರ ಶುಕ್ರವಾರ, ಪಕ್ಕದ ಹಾಸಿಗೆ. ಮೂರನೆಯವನಾಗಿ ಅದೇ ಊರಿನ ಪುಟ್ಟಬಸವಯ್ಯ ಇದ್ದ. ಮೂವರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಮಿಷನ್ನಿನಿಂದ ಬಿಡಿಸಿದ ಮೇಲೆ ತಲೆ ಗಿರ್ರೆನ್ನುತ್ತದೆ, ಕಾಲಲ್ಲಿ ಬಲವೇ ಇರುವುದಿಲ್ಲ. ಆದರೆ ಮುಂದಿನ ರೋಗಿ ಕಾದಿರುತ್ತಾನೆ, ಏಳಲೇಬೇಕು. ಹೋದ ವರ್ಷ ಹಾಗೆ ಎದ್ದು ಬಂದ ಪುಟ್ಟಬಸವಯ್ಯ ಬಸ್ಸಿನ ಮೆಟ್ಟಿಲ ಮೇಲಿಂದ ಕುಸಿದು, ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ಕೈ ಮಹಾದೇವಸ್ವಾಮಿಯ ಕೈಯಲ್ಲೇ ಇತ್ತು, ಜಾರಿತು. ಅರ್ಧ ಗಂಟೆ ಎಲ್ಲಾದರೂ ಕೂರಿಸಿದ್ದರೆ ಉಳಿಯುತ್ತಿದ್ದನೇ? ಈ ಪ್ರಶ್ನೆ ಊಟಕ್ಕೆ ಕುಳಿತರೂ ಅವನನ್ನು ಬಿಡುತ್ತಿರಲಿಲ್ಲ.

ಅಂಥ ಹೊತ್ತಿಗೆ ತಿ. ನರಸೀಪುರದಲ್ಲಿ ಕಚೇರಿ ತೆರೆದಿದ್ದ 'ಸಂಗಮ ಆರೋಗ್ಯ ಸಂಶೋಧನಾ ಕೇಂದ್ರ'ದಿಂದ ಕರೆ ಬಂತು. ಸರ್ಕಾರದ ದುಡ್ಡಿನಲ್ಲಿ ಕಿಡ್ನಿ ರೋಗಿಗಳ ಬಗ್ಗೆ ಸಂಶೋಧನೆ. ರೋಗಿಗಳು ಎಷ್ಟು ನೀರು ಕುಡಿದರೆಂದು ಮೊಬೈಲಿನಲ್ಲಿ ಒತ್ತಬೇಕು. ಹಿತಮಿತವಾಗಿದ್ದರೆ ಮೊಬೈಲು ಹಸಿರಾಗಿ ನಗುತ್ತದೆ, ಹೆಚ್ಚಾದರೆ ಕೆಂಪಗೆ ಸಿಡುಕುತ್ತದೆ. ಏನನ್ನು ಸಂಶೋಧಿಸಬೇಕೆಂದು ರೋಗಿಗಳನ್ನೇ ಕೇಳಬೇಕೆಂದು ಬೆಂಗಳೂರಿನಿಂದ ನಿಯಮ ಬಂದಿತ್ತಂತೆ. ಎಲ್ಲವನ್ನೂ ನಿರ್ಧರಿಸಿ ಮುಗಿಸಿದ ಮೇಲೆ ಆ ನಿಯಮ ನಿರ್ದೇಶಕ ಡಾಕ್ಟರ್ ಅಮೃತೇಶ್ ಅವರ ಕಣ್ಣಿಗೆ ಬಿತ್ತು. ಹಾಗಾಗಿ 'ರೋಗಿಗಳ ಸಲಹಾ ಬಳಗ' ಹುಟ್ಟಿತು.

ಮೊದಲ ಸಭೆಗೆ ಫ್ಲೆಕ್ಸ್ ಇತ್ತು, ಹಾರ ಇತ್ತು, ಮೈಸೂರು ಪೇಟ ಇತ್ತು. ನೀರು ಕುಡಿಯಬಾರದ ಆ ರೋಗಿಗಳ ಮುಂದೆ ತಲಾ ಒಂದು ಲೀಟರ್ ನೀರಿನ ಬಾಟಲಿಯನ್ನೂ ಇಟ್ಟಿದ್ದರು. ಬಾಗಿಲಲ್ಲೇ ಒಂದು ಖಾಲಿ ಹಾಳೆ ಬಂತು. ಮಹಾದೇವಸ್ವಾಮಿ ಹಳೆಯ ಅಭ್ಯಾಸದಂತೆ ಮೊದಲ ಸೈನ್ ಹಾಕಿ, ಉಳಿದವರಿಗೂ ಜಾಗ ತೋರಿಸಿಕೊಟ್ಟ. ನಂತರ ಎದ್ದು ನಿಂತು ಡಯಾಲಿಸಿಸ್ ಆದ ಮೇಲಿನ ಸುಸ್ತಿನ ಬಗ್ಗೆ, ಪುಟ್ಟಬಸವಯ್ಯನ ಬಗ್ಗೆ ಒಂದೂ ಬಿಡದೆ ಹೇಳಿದ. ಅಮೃತೇಶ್ ತಲೆದೂಗಿ, ಇಂಥ ದನಿಗಳೇ ನಮಗೆ ಬೇಕಾಗಿದ್ದುದು ಎಂದು ಅವನ ಜೊತೆ ಫೋಟೋಗೆ ನಿಂತರು. ಹದಿನೈದು ದಿನಕ್ಕೆ ವರದಿಯ ಪ್ರತಿ ಬಂತು. ರೋಗಿಗಳು ಮೊಬೈಲ್ ಯೋಜನೆಯನ್ನು ಸರ್ವಾನುಮತದಿಂದ ಒಪ್ಪಿ ಹರ್ಷ ವ್ಯಕ್ತಪಡಿಸಿದ್ದರು. ಕೆಳಗೆ ಮೊದಲ ಸೈನು ಅವನದೇ. ಪುಟ್ಟಬಸವಯ್ಯನ ಹೆಸರು ಎಲ್ಲೂ ಇರಲಿಲ್ಲ.

ಮಹಾದೇವಸ್ವಾಮಿಗೆ ಮೈ ಉರಿದುಹೋಯಿತು. ಶುಕ್ರವಾರ ಮಿಷನ್ನಿಗೆ ಸಿಕ್ಕಿಸಿಕೊಂಡು ಮಲಗಿದ್ದಾಗ ಅದನ್ನು ಪಕ್ಕದ ಹಾಸಿಗೆಗೆ ಓದಿ ಹೇಳಿದ. ಜವರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

"ಬರ್ದಿರೋನು ನಿನ್ ಸಿಸ್ಯನೇ ಇರ್ಬೇಕು ಕಣಣ್ಣ," ಎಂದಳು. "ಅಕ್ಸರ ಬ್ಯಾರೆ, ಮಾತು ನಿಂದೇ."

ಅವನು ವರದಿಯನ್ನು ಮಡಿಚಿ ದಿಂಬಿನಡಿ ಇಟ್ಟ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವನು ಎದ್ದು ಹೋಗುವಂತೆಯೂ ಇರಲಿಲ್ಲ. ಡೈರಿ ಬಿಟ್ಟು ಇಷ್ಟು ವರ್ಷವಾದ ಮೇಲೆ ಮೊದಲ ಬಾರಿಗೆ ಅವನಿಗೆ ಆ ಪುಸ್ತಕದ ಬಗ್ಗೆ ನಾಚಿಕೆಯಾಯಿತು.

ಎರಡನೇ ಸಭೆಯ ಹೊತ್ತಿಗೆ ಕೇಂದ್ರದಲ್ಲಿ ನಡಾವಳಿ ಬರೆಯುತ್ತಿದ್ದ ರಘು ಕೆಲಸ ಬಿಟ್ಟಿದ್ದ. ಅನುಭವಸ್ಥರು, ನೀವೇ ಬರೆಯಿರಿ ಎಂದು ಅಮೃತೇಶ್ ಪುಸ್ತಕವನ್ನು ಮಹಾದೇವಸ್ವಾಮಿಯ ಕೈಗಿಟ್ಟರು. ಯಾರ ಕೈಗೆ ಏನು ಕೊಡುತ್ತಿದ್ದೇನೆಂದು ಆ ಪುಣ್ಯಾತ್ಮರಿಗೆ ತಿಳಿಯಲಿಲ್ಲ. ಮಹಾದೇವಸ್ವಾಮಿ ಖಾಲಿ ಹಾಳೆ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಬಹಳ ವಿನಯದಿಂದ ಮೊದಲು ನಿರ್ದೇಶಕರ ಮುಂದೆಯೇ ಹಿಡಿದ. ಅವರು ಫೋನಿನಲ್ಲಿ ಮಾತಾಡುತ್ತಲೇ ಗೀಚಿದರು. ಅವರ ಹಿಂದೆ ಕೇಂದ್ರದವರು, ರೋಗಿಗಳು ಒಬ್ಬೊಬ್ಬರಾಗಿ ಹಾಕಿದರು. ಅಮೃತೇಶ್ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದಷ್ಟು ಹೊತ್ತು ಅವನು ಮೂಲೆಯಲ್ಲಿ ಕುಳಿತು ಬರೆದ.

ಬಾಕಿ ಉಳಿದದ್ದು ಈ ಸಲ ಹೊಸದಾಗಿ ಬಳಗಕ್ಕೆ ಬಂದಿದ್ದ ಜವರಮ್ಮನ ಸೈನ್ ಒಂದೇ. ಅವಳು ಪೆನ್ನು ಮುಟ್ಟಲಿಲ್ಲ.

"ಮೊದ್ಲು ಓದಣ್ಣ. ಕೇಳುಸ್ಕಳ್ದೆ ನಾ ಸೈನ್ ಆಕಾಕಿಲ್ಲ."

ಕಿವಿಯಲ್ಲಿ ಹೇಳುತ್ತೇನೆಂದ. ಊಹೂಂ, ಎಲ್ಲರಿಗೂ ಕೇಳುವ ಹಾಗೆ ಓದಬೇಕಂತೆ. ಓದಿದರೆ ನಿರ್ದೇಶಕರ ಕಿವಿಗೆ ಬೀಳುತ್ತದೆ, ಹಾಳೆ ಹರಿದುಹೋಗುತ್ತದೆ, ಪುಟ್ಟಬಸವಯ್ಯ ಎರಡನೇ ಸಲ ಕೈಜಾರುತ್ತಾನೆ. ಓದದಿದ್ದರೆ ಇವಳ ಮುಂದೆ ತಾನು ಅದೇ ಹಳೆಯ ಡೈರಿ ಸೆಕ್ರೆಟರಿ. ಮಹಾದೇವಸ್ವಾಮಿ ಅವಳ ಊದಿದ ಮುಖ ನೋಡಿದ. ಎದ್ದು ನಿಂತು, ಪುಸ್ತಕ ಹಿಡಿದು, ಗಟ್ಟಿಯಾಗಿ ಓದಿದ. ಡಯಾಲಿಸಿಸ್ ಮುಗಿದ ಮೇಲೆ ರೋಗಿಯನ್ನು ಅರ್ಧ ಗಂಟೆ ಕುರ್ಚಿಯಲ್ಲಿ ಕೂರಿಸಿ, ಬಿ.ಪಿ. ನೋಡಿ ಕಳಿಸಿದರೆ ಬೀಳುವುದು ತಪ್ಪುತ್ತದೆಯೇ ಎಂಬುದೇ ಈ ಸಂಶೋಧನೆಯ ಮೊದಲ ಪ್ರಶ್ನೆಯಾಗತಕ್ಕದ್ದು; ಮೊಬೈಲಿನ ವಿಚಾರ ಅದಾದ ಮೇಲೆ; ದಿವಂಗತ ಪುಟ್ಟಬಸವಯ್ಯನವರ ನೆನಪಿಗಾಗಿ ಹೀಗೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಅಮೃತೇಶ್ ಫೋನಿನಿಂದ ತಲೆಯೆತ್ತಿದರು. ಮಹಾದೇವಸ್ವಾಮಿ ಪುಸ್ತಕವನ್ನು ಎದೆಗವಚಿಕೊಂಡ. ಅವರು ಚಪ್ಪಾಳೆ ತಟ್ಟಿದರು.

"ತುಂಬಾ ಚೆನ್ನಾಗಿ ಬರೆದಿದ್ದೀರಿ," ಎಂದರು. "ಬನ್ನಿ, ಎಲ್ಲರೂ ಒಂದು ಫೋಟೋ."

ರೋಗಿಗಳು ಮಾತಾಡುವಾಗ ತಲೆದೂಗುವುದನ್ನು ಅವರು ಎಷ್ಟು ಚೆನ್ನಾಗಿ ರೂಢಿಸಿಕೊಂಡಿದ್ದರೆಂದರೆ, ಕೇಳಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಜವರಮ್ಮ ಒಂದೊಂದೇ ಅಕ್ಷರ ಕೂಡಿಸಿ ಸೈನ್ ಹಾಕಿದಳು. ಕೇಂದ್ರದಲ್ಲಿ ಯಾರೂ ತಿರುಗಿ ಓದದ ಆ ಹಾಳೆ ಸಂಜೆಯೇ ಬೆಂಗಳೂರಿಗೆ ಹೋಯಿತು.

ಎರಡು ತಿಂಗಳಿಗೆ ಅಲ್ಲಿಂದ ಮೆಚ್ಚುಗೆಯ ಪತ್ರ ಬಂತು. ರೋಗಿಗಳೇ ಎತ್ತಿದ ಪ್ರಶ್ನೆಯನ್ನು ಮೊದಲಿಗಿಟ್ಟ ಯೋಜನೆ ಇದೊಂದೇ ಎಂದೂ, ಆ ಪ್ರಶ್ನೆಯಿಂದಲೇ ಕೆಲಸ ಶುರುವಾಗಬೇಕೆಂದೂ ಅದರಲ್ಲಿತ್ತು. ಅಮೃತೇಶ್ ಗಾಬರಿಯಾಗಿ ಫೋನ್ ಮಾಡಿ, ಇದನ್ನು ಯಾವಾಗ ತೀರ್ಮಾನಿಸಿದೆವು ಎಂದು ಕೇಳಿದರು.

"ನಿಮ್ ಮುಂದೇನೆ ಓದ್ದೆ ಸಾ," ಎಂದ ಮಹಾದೇವಸ್ವಾಮಿ. "ನೀವು ಚಪ್ಪಾಳೆ ತಟ್ಟುದ್ರಿ. ಮೊದಲ್ನೇ ಸೈನು ನಿಮ್ದೇ."

ನಂಜನಗೂಡಿನಲ್ಲಿ ಡಯಾಲಿಸಿಸ್ ಕೋಣೆಯ ಹೊರಗೆ ಸಾಲಾಗಿ ಕುರ್ಚಿಗಳು ಬಂದವು, ಬಿ.ಪಿ. ನೋಡಲು ಒಬ್ಬ ಹುಡುಗಿ ಬಂದಳು. ಮೊದಲ ದಿನ ಜವರಮ್ಮ, ಮಹಾದೇವಸ್ವಾಮಿ ಅಕ್ಕಪಕ್ಕ ಕುಳಿತರು. ಪುಟ್ಟಬಸವಯ್ಯ ಬಿದ್ದ ಹೊತ್ತಿನ ಬಸ್ಸು ಇವರನ್ನು ಬಿಟ್ಟು ಹೊರಟುಹೋಯಿತು. ಇಬ್ಬರೂ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದರು.

"ಡೈರೀಲಿ ನಾ ಕೇಳಿದ್ನಲ್ಲ ಎಂಗಸ್ರು ಸಾಲು," ಎಂದಳು ಜವರಮ್ಮ. "ಅದ್ನೂ ಒಂದ್ಸಲ ಎಲ್ರು ಮುಂದೆ ಓದ್ಬುಡಣ್ಣ."

ಮಹಾದೇವಸ್ವಾಮಿ ತಲೆದೂಗಲು ಹೊರಟವನು ತಟ್ಟನೆ ನಿಲ್ಲಿಸಿದ.

"ಓದ್ತೀನಿ," ಎಂದು ಬಾಯಿಬಿಟ್ಟು ಹೇಳಿದ.